ಹಸಿ ಡಾಂಬರಿನ ತೆಪ್ಪ

ಮಳೆಗಾಲ ಮುಗಿದಿತ್ತು. ಕಬಿನಿ ಹಿನ್ನೀರಿನ ದಡದಲ್ಲಿ ತೆಪ್ಪ ಕವುಚಿ, ಪಾಚಿ ಕೆರೆದು, ಡಾಂಬರು ಬಳಿಯುತ್ತಿದ್ದೆ. ಉಳಿದವರೆಲ್ಲ ಆಗಲೇ ಮೀನಿಗೆ ಇಳಿದಿದ್ದರು; ನನಗೆ ಚಡಪಡಿಕೆ.

ಗುರುತಿಲ್ಲದ ಹೆಂಗಸೊಬ್ಬಳು ಓಡಿಬಂದಳು. "ಅಣ್ಣೋ, ಆಚೆ ದಡಕ್ಕೆ ಬುಟ್ಬುಡಿ. ಮಗಳಿಗೆ ಹೆರಿಗೆ ನೋವು ಬಂದದಂತೆ."

"ಡಾಂಬರು ಒಣಗಿಲ್ಲ ಕಣಮ್ಮ, ನೀರು ಸೋರ್ತದೆ."

"ಸೋರ್ಲಿ ಬುಡಿ, ನಾನು ಎತ್ತಾಕ್ತೀನಿ."

ದಾರಿಯುದ್ದಕ್ಕೂ ಅವಳು ಡಬ್ಬದಲ್ಲಿ ನೀರು ಎತ್ತಿ ಹಾಕಿದಳು, ನಾನು ಜೀವ ಕೈಲಿ ಹಿಡಿದು ಹುಟ್ಟು ಹಾಕಿದೆ. ದಡ ಸಿಕ್ಕಿದ್ದೇ ಹಾರಿ ಓಡಿದಳು. ವಾಪಸ್ ಹೋಗಲು ನನಗೆ ಮನಸ್ಸಾಗಲಿಲ್ಲ. ಅಲ್ಲೇ ಅತ್ತಿಂದಿತ್ತ ತಿರುಗಿದೆ. ಸಂಜೆ ಅವಳೇ ಹುಡುಕಿಕೊಂಡು ಬಂದು, "ಎಣ್ಣು ಮಗ ಕಣಣ್ಣ, ಇಬ್ರೂ ಸಂದಾಗವ್ರೆ" ಅಂದಳು.

ತೆಪ್ಪಕ್ಕೆ ಮತ್ತೆ ಮೊದಲಿಂದ ಡಾಂಬರು ಬಳಿದೆ. ಮೀನುಗಳಿಗೆ ಇನ್ನೊಂದಿಷ್ಟು ದಿನ ಆಯಸ್ಸು ಸಿಕ್ಕಿತು, ಅಷ್ಟೇ.