ನೀವು ನೋಡಿದ್ದೀರಿ, ಬರೆದುಕೊಡಿ

ಚಿಂತೆ ಮಾಡೋದಕ್ಕೆ ನನಗೆ ಕಾರಣ ಬೇಕಾಗಿಲ್ಲ, ಕೂರೋದಕ್ಕೆ ಒಂದು ಕುರ್ಚಿ ಸಿಕ್ಕರೆ ಸಾಕು. ಪರ್ತ್‌ನಲ್ಲಿ ನಮ್ಮ ಡಾಕ್ಟರು ಬಿ.ಪಿ. ನೋಡಿ, ಏನಾದರೂ ಹವ್ಯಾಸ ಹಚ್ಚಿಕೊಳ್ಳಿ ಅಂದರು. ಅದನ್ನು ಅಡಿಲೇಡಿನಲ್ಲಿರುವ ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. ಲೈಬ್ರರಿಯಲ್ಲಿ ಕೆಲಸ ಮಾಡುವ ಅವಳು ಅರ್ಧ ಗಂಟೆಯೊಳಗೆ ಒಂದು ಲಿಂಕ್ ಕಳಿಸಿ, "ಇದನ್ನ ಮಾಡು, ತೆಪ್ಪಗಿರ್ತೀಯ" ಅಂದಳು.

ಅಮೆರಿಕ ಇನ್ನೂ ಹೊಸ ದೇಶವಾಗಿದ್ದ ಕಾಲದ ಒಬ್ಬ ಮುತ್ಸದ್ದಿ. ಅಧಿಕಾರ ಬಿಟ್ಟು ತಮ್ಮ ತೋಟದ ಮನೆಗೆ ಹೋಗಿ ಕೂತ ಮೇಲೆ ಜನ ಅವರಿಗೆ ಬರೆದ ಕಾಗದಗಳ ಫೋಟೋ ತೆಗೆದು, ಅಲ್ಲಿನ ಗ್ರಂಥಾಲಯವೊಂದು ಇಂಟರ್‌ನೆಟ್ಟಿಗೆ ಹಾಕಿತ್ತು. ಆ ಹಳೆಯ ಕೈಬರಹವನ್ನು ಯಾರಾದರೂ ಓದಿ ಟೈಪ್ ಮಾಡಬೇಕು, ಇನ್ನೊಬ್ಬರು ತಾಳೆ ನೋಡಬೇಕು. ನಾನು ಟೈಪು, ಅಕ್ಕ ತಾಳೆ. ಓದಲು ಬಾರದ ಕಡೆ ಊಹಿಸಬಾರದು, ಓದಲಾಗಲಿಲ್ಲ ಅಂತಲೇ ಹಾಕಬೇಕು ಅನ್ನೋದು ಅಲ್ಲಿನ ನಿಯಮ. ನಾನು ಮೊದಲ ಪುಟದಲ್ಲಿ ಅದನ್ನು ಹತ್ತೊಂಬತ್ತು ಸಲ ಹಾಕಿದೆ.

"ಇದು ಟೈಪಿಂಗ್ ಅಲ್ಲ ಕಣೋ, ಕೈ ಎತ್ತೋದು," ಅಂತ ಅಕ್ಕ ಪುಟ ವಾಪಸ್ ಕಳಿಸಿದಳು.

ಒಂದು ತಿಂಗಳಲ್ಲಿ ಕಣ್ಣು ಪಳಗಿತು. ಆಮೇಲೆ ಶುರುವಾಯಿತು ಬೆರಗು. ಆ ಮುದುಕರಿಗೆ ಯಾರು ಯಾರೋ ಬರೆಯುತ್ತಾರೆ! ಒಬ್ಬ ತಾನು ಕಟ್ಟಿದ ಯಂತ್ರ ಒಮ್ಮೆ ತಿರುಗಿಸಿದರೆ ನಿಲ್ಲುವುದೇ ಇಲ್ಲ, ನೀವು ಹೌದು ಅಂದರೆ ಸಾಕು ಅನ್ನುತ್ತಾನೆ. ಇನ್ನೊಬ್ಬ ಒಂದು ಪೊಟ್ಟಣ ಬೀಜ ಕಳಿಸಿ, ಮೊಳಕೆ ಬಂತೋ ಇಲ್ಲವೋ ತಿಳಿಸಿ ಅನ್ನುತ್ತಾನೆ. ಮಗನಿಗೆ ಏನು ಓದಿಸಲಿ ಅಂತ ಒಬ್ಬ ತಂದೆ. ಎಲ್ಲರೂ ಮೊದಲು ಅರ್ಧ ಪುಟ ಕ್ಷಮೆ ಕೇಳುತ್ತಾರೆ. ಪರಿಚಯವಿಲ್ಲದವನು ಬರೆಯುತ್ತಿದ್ದೇನೆ, ತಮ್ಮ ವಿಶ್ರಾಂತಿ ಕೆಡಿಸುತ್ತಿದ್ದೇನೆ, ಉತ್ತರ ಬರದಿದ್ದರೂ ಬೇಸರವಿಲ್ಲ ಅಂತ. ಮುದುಕರಿಗೆ ಕೈ ನೋವು, ಬರೆಯುವುದೇ ಕಷ್ಟ. ಆದರೂ ಪ್ರತಿ ಕಾಗದದ ಹಿಂದೆ ಯಾರಿಂದ ಬಂತು, ಯಾವತ್ತು ತಲುಪಿತು ಅಂತ ಅವರದೇ ಸಣ್ಣ ಅಕ್ಷರ. ನನ್ನ ಇನ್‌ಬಾಕ್ಸ್‌ನಲ್ಲಿ ಓದದೆ ಬಿದ್ದಿರುವ ಮೇಲ್‌ಗಳ ಲೆಕ್ಕ ಇಲ್ಲಿ ಹೇಳಲಾರೆ. ಅವರ ಹೊಲ ಉತ್ತವರು ಗುಲಾಮರು, ಆ ಗುಲಾಮರ ಕಾಗದ ನನ್ನ ಪಾಲಿನ ಕಂತೆಯಲ್ಲಿ ಒಂದೂ ಇರಲಿಲ್ಲ. ಅದು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಆದರೂ ಬಂದ ಕಾಗದಕ್ಕೆ ಅವರು ಕೊಡುತ್ತಿದ್ದ ಮರ್ಯಾದೆ ಮೆಚ್ಚದೆ ಇರಲಾಗಲಿಲ್ಲ.

ಇಂಥ ಒಂದು ಭಾನುವಾರ ಮಧ್ಯಾಹ್ನ, ಓದದ ಮೇಲ್‌ಗಳ ನಡುವೆ ಒಂದನ್ನು ಓದಿಬಿಟ್ಟೆ. ಬ್ರಿಸ್ಬೇನಿನಿಂದ ಬಂದಿತ್ತು. ಹದಿನಾರು ವರ್ಷದ ಹಿಂದೆ ಮೈಸೂರಿನ ಒಂದು ಸಣ್ಣ ಸಿವಿಲ್ ಎಂಜಿನಿಯರಿಂಗ್ ಆಫೀಸಿನಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗಿ, ಈಗ ಇಬ್ಬರು ಮಕ್ಕಳ ತಾಯಿ. ವೀಸಾ ಮುಗಿಯುತ್ತಾ ಬಂದಿದೆ. ಇಲ್ಲೇ ಉಳಿಯಬೇಕಾದರೆ ಎಂಜಿನಿಯರ್ ಅಂತ ಮಾನ್ಯತೆ ಸಿಗಬೇಕು, ಅದಕ್ಕೆ ಹಳೆಯ ಕೆಲಸದ ಪತ್ರ ಬೇಕು. ಆಫೀಸು ಮುಚ್ಚಿ ವರ್ಷಗಳಾಗಿವೆ, ಅದರ ಯಜಮಾನರು ತೀರಿಕೊಂಡಿದ್ದಾರೆ. ಉಳಿದವನು ನಾನೊಬ್ಬ. ಶುಕ್ರವಾರದೊಳಗೆ ಕಾಗದ ಸೇರಬೇಕು.

ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಪತ್ರ ಬೇಕಾದವರೇ ಬರೆದುಕೊಂಡು ಬರಬೇಕು, ದೊಡ್ಡವರು ಸಹಿ ಹಾಕಬೇಕು. ಅವಳೂ ಡ್ರಾಫ್ಟ್ ಲಗತ್ತಿಸಿದ್ದಳು. ಊರಾಚೆಯ ಬಡಾವಣೆಯ ಓವರ್‌ಹೆಡ್ ಟ್ಯಾಂಕಿನ ಕೆಲಸದಲ್ಲಿ "ನಕ್ಷೆ ತಯಾರಿಸಲು ನೆರವಾದರು" ಅಂತ ಇತ್ತು.

ಸಹಿ ಹಾಕಿ ಕಳಿಸಿದರೆ ಎರಡು ನಿಮಿಷದ ಕೆಲಸ. ಆದರೆ ನಕ್ಷೆಗೆ ನೆರವಾದವಳಿಗೆ ಎಂಜಿನಿಯರ್ ಅಂತ ಯಾರೂ ಮಾನ್ಯತೆ ಕೊಡುವುದಿಲ್ಲ. ಮೇಲಾಗಿ ಆ ಟ್ಯಾಂಕನ್ನು ಡಿಸೈನ್ ಮಾಡಿದ್ದು ಅವಳೇ. ನಕ್ಷೆಯ ಬಲ ಮೂಲೆಯಲ್ಲಿ ಹೆಸರು ಹಾಕಲು ನಾಲ್ಕು ಚೌಕದ ಮನೆ ಇರುತ್ತವೆ, ಬರೆದವರು, ವಿನ್ಯಾಸ ಮಾಡಿದವರು, ಪರಿಶೀಲಿಸಿದವರು, ಒಪ್ಪಿದವರು. ಆಫೀಸಿನ ವಾಡಿಕೆಯಂತೆ ಬರೆದವರ ಮನೆಯಲ್ಲಿ ಅವಳ ಹೆಸರು, ವಿನ್ಯಾಸದ ಮನೆಯಲ್ಲಿ ನನ್ನದು ಕೂತಿತ್ತು. ನಾನೇನೂ ಕಿತ್ತುಕೊಂಡಿರಲಿಲ್ಲ, ಬೇಡ ಅಂದಿರಲೂ ಇಲ್ಲ. ಆಮೇಲೆ ನನ್ನ ಆಸ್ಟ್ರೇಲಿಯಾ ಅರ್ಜಿಯಲ್ಲಿ ಅದೇ ಟ್ಯಾಂಕು ನನ್ನ ಸಾಧನೆಗಳ ಪಟ್ಟಿಯ ನೆತ್ತಿಯ ಮೇಲೆ ನಿಂತಿತ್ತು.

ಸೋಮವಾರ, ಮಂಗಳವಾರ ನಾನು ಮಾಡಿದ್ದು ಚಿಂತೆ. ನಿಜ ಬರೆದರೆ ನನ್ನ ಫೈಲ್ ತೆಗೆಯುತ್ತಾರೆ, ಪೌರತ್ವ ರದ್ದು ಮಾಡುತ್ತಾರೆ, ಮಗಳನ್ನು ಶಾಲೆಯಿಂದ ಬಿಡಿಸಬೇಕಾಗುತ್ತೆ ಅಂತ ಮನಸ್ಸಿನಲ್ಲೇ ಸೂಟ್‌ಕೇಸು ಕಟ್ಟಿ, ಮೈಸೂರಲ್ಲಿ ಬಾಡಿಗೆ ಮನೆಯನ್ನೂ ನೋಡಿಬಿಟ್ಟೆ.

ಬುಧವಾರ ಬೆಳಿಗ್ಗೆ, ತಪ್ಪಿಸಿಕೊಳ್ಳುವ ಉಪಾಯ ಅಂತ ಮುಂದಿನ ಪುಟ ತೆರೆದೆ. ಅದು ಒಬ್ಬ ಮುದಿ ಸಿಪಾಯಿಯ ಕಾಗದ. ಬೇರೆ ಯಾರೋ ಬರೆದುಕೊಟ್ಟದ್ದು, ಕೆಳಗೆ ಸಹಿಯ ಜಾಗದಲ್ಲಿ ಅವನದು ಬರೀ ಒಂದು ಗೀಟು. ಸ್ವಾತಂತ್ರ್ಯದ ಯುದ್ಧದಲ್ಲಿ ಹೊಳೆ ದಾಟುವ ಕಡೆ ಕಾವಲಿದ್ದೆ. ನಮ್ಮ ಕ್ಯಾಪ್ಟನ್ ಸತ್ತರು, ದಾಖಲೆ ಸುಟ್ಟುಹೋಯಿತು. ಪಿಂಚಣಿಗೆ ಸಾಕ್ಷಿ ಕೇಳುತ್ತಾರೆ, ಆ ದಿನಗಳನ್ನು ಕಂಡವರಲ್ಲಿ ಬದುಕಿರುವವರು ನೀವೊಬ್ಬರೇ, ಬರೆದುಕೊಡಿ ಅಂತ. ಜೊತೆಗೇ ಉತ್ತರದ ನಕಲೂ ಇತ್ತು. ಮುತ್ಸದ್ದಿಯ ನಡುಗುವ ಅಕ್ಷರ, ಹತ್ತೇ ಸಾಲು. ನಿಮ್ಮ ಮುಖ ನನಗೆ ನೆನಪಿಲ್ಲ ಅಂತ ನೇರವಾಗಿ ಹೇಳಿ, ಆ ಕಾವಲು ಪಡೆ ಅಲ್ಲಿದ್ದದ್ದು, ದೋಣಿ ಸಾಲದೆ ಕೊನೆಗೆ ಉಳಿದದ್ದು ನನಗೆ ಗೊತ್ತು, ನೀವು ಹೇಳಿದ್ದೆಲ್ಲ ಅದಕ್ಕೆ ಹೊಂದುತ್ತದೆ ಅಂತ ಬರೆದಿದ್ದರು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅಷ್ಟು ದೊಡ್ಡ ಮನುಷ್ಯ ಸುಮ್ಮನೆ ಹೊಗಳಿ ಕಳಿಸಬಹುದಿತ್ತು, ಇಲ್ಲ ಅಂದು ಮಲಗಬಹುದಿತ್ತು.

ಅಕ್ಕನಿಗೆ ಫೋನ್ ಮಾಡಿ ಟ್ಯಾಂಕಿನ ಕಥೆ ಪೂರ್ತಿ ಹೇಳಿದೆ.

"ಡಿಸೈನ್ ಮಾಡಿದ್ದು ಅವಳೋ, ನೀನೋ?"

"ಅವಳೇ ಅಕ್ಕ. ನಾನು ಲೆಕ್ಕ ನೋಡಿ, ಸರಿ ಅಂದೆ."

"ಮತ್ತೆ ಅದನ್ನೇ ಬರಿ."

"ನನ್ನ ಫೈಲು..."

"ನಿನ್ನ ಫೈಲು ಯಾವುದೋ ಕಪಾಟಲ್ಲಿ ಗೊರಕೆ ಹೊಡೀತಿದೆ. ಅದರ ಯೋಚನೆ ಇರೋದು ಈ ಪ್ರಪಂಚದಲ್ಲಿ ನಿನಗೊಬ್ಬನಿಗೇ."

"ಎಬ್ಬಿಸಿದ್ರೆ?"

"ಎಬ್ಬಿಸಿದ್ರೆ ಕೇಳ್ತಾರೆ, ಹೇಳ್ತೀಯ. ಎರಡು ಮಕ್ಕಳನ್ನ ಕಟ್ಕೊಂಡು ಅವಳು ಪ್ಯಾಕ್ ಮಾಡೋದಕ್ಕಿಂತ ನೀನು ಒಂದು ಪ್ರಶ್ನೆಗೆ ಉತ್ತರ ಹೇಳೋದು ಕಷ್ಟಾನಾ?"

ಫೋನಿಟ್ಟು ಆ ಹುಡುಗಿಯ ಡ್ರಾಫ್ಟ್ ಪಕ್ಕಕ್ಕೆ ಸರಿಸಿ ಹೊಸದಾಗಿ ಬರೆದೆ. ಆ ಟ್ಯಾಂಕಿನ ಸಂಪೂರ್ಣ ವಿನ್ಯಾಸ ಇವರದು. ವಾಡಿಕೆಯಿಂದ ನಕ್ಷೆಯಲ್ಲಿ ನನ್ನ ಹೆಸರಿದೆ, ಪರಿಶೀಲಿಸಿದ್ದಷ್ಟೇ ನನ್ನ ಕೆಲಸ. ಸಹಿ ಹಾಕುವ ಮುಂಚೆ ಹತ್ತು ಸಲ ಓದಿದೆ ಅನ್ನೋದು ಬೇರೆ ಮಾತು. ಸ್ಕ್ಯಾನ್ ಮಾಡಿ ಕಳಿಸಿದೆ.

ಹತ್ತು ನಿಮಿಷಕ್ಕೆ ಬ್ರಿಸ್ಬೇನಿನಿಂದ ಫೋನು.

"ಸರ್, ನಾನು ಹೀಗೆ ಕೇಳಿರ್ಲಿಲ್ಲ."

"ಕೇಳಿರ್ಲಿಲ್ಲಮ್ಮ. ಆದ್ರೆ ನಡೆದದ್ದು ಹೀಗೇ ಅಲ್ವಾ?"

"ಅಲ್ಲ ಸರ್, ಪೂರ್ತಿ ಅಲ್ಲ. ತಳಪಾಯ ನಿಮ್ದು."

"ಏನು?"

"ಮಣ್ಣು ಸರಿಯಿಲ್ಲ ಅಂತ ರಿಪೋರ್ಟ್ ಬಂತಲ್ಲ, ನಂಗೆ ಏನೂ ತೋಚದೆ ಕೂತಿದ್ದೆ. ನೀವು ಎರಡು ದಿನ ಕೂತು ತಳಪಾಯ ಬದಲಾಯಿಸಿದ್ರಿ. ಕಂಬ, ಗೋಡೆ, ಮೇಲಿನ ಗುಮ್ಮಟ ನಂದು. ಸಂಪೂರ್ಣ ಅಂತ ಇದ್ರೆ ಮುಂದೆ ಇಂಟರ್‌ವ್ಯೂನಲ್ಲಿ ತಳಪಾಯದ ಬಗ್ಗೆ ಕೇಳಿದ್ರೆ ಏನು ಹೇಳ್ಲಿ?"

ನನಗೆ ನಿಜವಾಗಿಯೂ ಮರೆತುಹೋಗಿತ್ತು. ಮಾಡದ ಕೆಲಸಕ್ಕೆ ಹೆಸರು ಹಾಕಿಸಿಕೊಂಡ ಅಳುಕಿನಲ್ಲಿ, ಮಾಡಿದ ಕೆಲಸವನ್ನೇ ಕಳೆದುಕೊಂಡಿದ್ದೆ. ಅವಳು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು, ತನ್ನ ಭವಿಷ್ಯ ತೂಗುವ ವಾರದಲ್ಲೂ ಬಿಟ್ಟುಕೊಡಲು ಒಪ್ಪಲಿಲ್ಲ.

ಇಬ್ಬರೂ ಫೋನಿನಲ್ಲೇ ಕೂತು, ಯಾವುದು ಅವಳದು, ಯಾವುದು ನನ್ನದು ಅಂತ ಒಂದೊಂದೇ ಭಾಗ ಬೇರೆ ಮಾಡಿ ಬರೆದೆವು. ಮೆಟ್ಟಿಲು ಯಾರದು ಅಂತ ಇಬ್ಬರಿಗೂ ನೆನಪಾಗಲಿಲ್ಲ. "ಅದನ್ನ ಬಿಟ್ಬಿಡೋಣ ಸರ್," ಅಂದಳು. ಬಿಟ್ಟೆವು. ಗುರುವಾರ ಎರಡನೇ ಸಲ ಸಹಿ ಹಾಕಿದೆ, ಈ ಸಲ ಒಮ್ಮೆ ಓದಿದ್ದೇ ಸಾಕಾಯಿತು.

ಮೂರು ತಿಂಗಳ ಮೇಲೆ ಅವಳಿಗೆ ಎಂಜಿನಿಯರ್ ಅಂತಲೇ ಮಾನ್ಯತೆ ಬಂತು. ನನಗೆ ಇಲ್ಲಿತನಕ ಯಾರಿಂದಲೂ ಯಾವ ನೋಟೀಸೂ ಬಂದಿಲ್ಲ. ಬರಬಹುದು ಅಂತ ದಿನಾ ಸಂಜೆ ಗೇಟಿನ ಟಪಾಲು ಡಬ್ಬಿ ತೆರೆದು ನೋಡುವುದನ್ನೇನೂ ನಾನು ಬಿಟ್ಟಿಲ್ಲ. ಬಂದರೆ ಏನು ಬರೆಯಬೇಕು ಅನ್ನೋದು ಮಾತ್ರ ಈಗ ಗೊತ್ತು: ಕಂಬ, ಗೋಡೆ, ಗುಮ್ಮಟ ಅವಳದು, ತಳಪಾಯ ನನ್ನದು.