ರಫೀಕ್ ಭಾಯಿಯ ಮೊದಲ ಸೋಲೋ

ಗೆಳೆಯರೇ, ಇವತ್ತು ಸಂಜೆ ಮುಂಬೈನ ಪೊವಾಯಿ ಕೆರೆಯ ದಂಡೆಯಲ್ಲಿ ನಮ್ಮ ಕಾಲೊನಿ ಬ್ಯಾಂಡಿನ ಉಚಿತ ಬೇಸಿಗೆ ಕಾರ್ಯಕ್ರಮ ನಡೆಯಿತು. ಏಸಿ ರಿಪೇರಿ ಮಾಡುವ ನಮ್ಮ ರಫೀಕ್ ಭಾಯಿ ಮೊದಲ ಸಲ ಒಬ್ಬರೇ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಹಾಡು ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬರು ಕೈ ಎತ್ತಿದರು.

"ಭಾಯಿ, ಸ್ವಲ್ಪ ನಿಲ್ಲಿಸ್ರಿ. ನಮ್ಮಕ್ಕನ ಫೋನ್ ಬಂದದ."

ಪಾಪದ ಮನುಷ್ಯ, ನಿಲ್ಲಿಸಿಯೇ ಬಿಟ್ಟರು. ಕೂತವರೆಲ್ಲ ಆಕೆಯ ಮಾತು ಮುಗಿಯಲೆಂದು ಕಾದರು.

"ಕೆರಿ ದಂಡಿಗೆ ಬಂದೀನಕ್ಕಾ. ಇಲ್ಲಿ ಭಾಳ ಶಾಂತ ಅದ ನೋಡು."

ಫೋನ್ ಇಟ್ಟ ಮೇಲೆ, "ಹೂಂ, ಈಗ ಬಾರಿಸ್ರಿ" ಎಂದರು.

ಎಲ್ಲಿ ನಿಲ್ಲಿಸಿದ್ದೆನೆಂದು ಮರೆತ ರಫೀಕ್ ಭಾಯಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಡ್ರಮ್ ಬಾರಿಸುವ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮುಂದಿನ ಭಾನುವಾರ ಆಕೆಯ ಕುರ್ಚಿಯನ್ನು ನನ್ನ ಡ್ರಮ್ಮಿನ ಪಕ್ಕದಲ್ಲೇ ಹಾಕಿಸುತ್ತೇನೆ.