ನಡುವೆ ಬಾಯಿ ಹಾಕುವ ಶಾಸ್ತ್ರ

ಹತ್ತೊಂಬತ್ತು ವರ್ಷ ಪಾಠ ಹೇಳಿದ ಒಂದು ವಿಷಯವನ್ನು ನಾನು ಒಂದು ಸಲವೂ ಕೈಯಾರೆ ಮಾಡಿ ನೋಡಿರಲಿಲ್ಲ. ಈಜು ಬಾರದವನು ಬಾವಿಯ ದಂಡೆಯ ಮೇಲೆ ಕುಳಿತು, ಕಾಲು ಹೀಗೆ ಬಡಿಯಬೇಕು, ಕೈ ಹಾಗೆ ಬೀಸಬೇಕು ಎಂದು ಕೂಗಿ ಹೇಳಿದ ಹಾಗೆ ನನ್ನ ಮಾಸ್ತರಿಕೆ ನಡೆದಿತ್ತು. ನೀರಿನಲ್ಲಿದ್ದವರು ಹೇಗೋ ದಡ ಸೇರುತ್ತಿದ್ದರು. ಅದು ನನ್ನ ಬೋಧನೆಯ ಫಲವೆಂದು ನಾನು ನಂಬಿಕೊಂಡಿದ್ದೆ.

ಆ ವಿಷಯದ ಹೆಸರು ಇಂಟರಪ್ಟ್. ಚಿತ್ತಾಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಎಂಬ ಪತ್ರಿಕೆ ನನ್ನ ಪಾಲಿಗೆ ಬಂದು ಅಲ್ಲೇ ಉಳಿದಿದೆ. ಕಂಪ್ಯೂಟರಿನ ಒಳಗೆ ಕರ್ನಲ್ ಎಂಬ ಯಜಮಾನ ಪ್ರೋಗ್ರಾಮ್ ಒಂದಿರುತ್ತದೆ. ಯಾರಿಗೆ ಯಾವ ಕೆಲಸ, ಎಷ್ಟು ಹೊತ್ತು ಎಂದು ಹಂಚಿಕೊಡುವುದು ಅದರ ಉದ್ಯೋಗ. ಅದು ತನ್ನ ಕೆಲಸದಲ್ಲಿ ಮುಳುಗಿರುವಾಗ ಕೀಬೋರ್ಡೋ ಇನ್ನಾವುದೋ ಯಂತ್ರವೋ ಒಂದು ತಂತಿಯ ಮೂಲಕ ‘ಇಲ್ಲಿ ನೋಡ್ರಿ’ ಎಂದು ಕರೆಯುತ್ತದೆ. ಕರ್ನಲ್ ಓದುತ್ತಿದ್ದ ಪುಟಕ್ಕೆ ಗುರುತು ಇಟ್ಟು, ಎದ್ದು ಹೋಗಿ ಕೇಳಿ, ಮತ್ತೆ ಬಂದು ಅದೇ ಪುಟದಿಂದ ಓದು ಮುಂದುವರಿಸುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾಯುವವರಲ್ಲಿ ಎರಡು ಜಾತಿಯವರಿರುತ್ತಾರೆ. ಒಬ್ಬರು ಐದೈದು ನಿಮಿಷಕ್ಕೆ ಎದ್ದು ಹೋಗಿ ‘ಬಂತೇನ್ರಿ?’ ಎಂದು ಕೇಳುವವರು. ಇನ್ನೊಬ್ಬರು ಪಕ್ಕದವರಿಗೆ ‘ಬಂದಾಗ ಎಬ್ಬಸ್ರಿ’ ಎಂದು ಹೇಳಿ ಮಲಗುವವರು. ಇಂಟರಪ್ಟ್ ಎರಡನೆಯವರ ಶಾಸ್ತ್ರ.

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ನಾನು ಬಹಳ ಒದ್ದಾಡಿದ್ದೇನೆ. ಅಡಚಣೆ ಎಂದರೆ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ರಸ್ತೆ ಅಗೆಯುವವರ ಬೋರ್ಡು ಕಣ್ಣೆದುರು ಬರುತ್ತದೆ. ವ್ಯತ್ಯಯ ಎಂದೊಡನೆ ಮಕ್ಕಳು ಫ್ಯಾನಿನ ಕಡೆ ನೋಡುತ್ತಾರೆ, ಕರೆಂಟು ಹೋಯಿತೇನೋ ಎಂದು. ಹೀಗೆ ಒಂದು ದಿನ ತರಗತಿಯಲ್ಲಿ ಪದ ಹುಡುಕುತ್ತ ನಿಂತಾಗ ಕೊನೆಯ ಬೆಂಚಿನಿಂದ ಒಂದು ದನಿ ಬಂತು.

“ನಡುವ ಬಾಯಿ ಹಾಕೂದು ಅನ್ರಿ ಸರ್.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪಾಠದ ನಡುವೆ ಯಾರೂ ಮಾತಾಡಬಾರದು, ಪ್ರಶ್ನೆಗಳೆಲ್ಲ ಕೊನೆಯ ಐದು ನಿಮಿಷಕ್ಕೆ ಎಂಬುದು ನನ್ನ ನಿಯಮವಾಗಿತ್ತು. ಆ ಐದು ನಿಮಿಷ ಯಾವಾಗಲೂ ಪಾಠದಲ್ಲೇ ಮುಗಿದುಹೋಗುತ್ತಿತ್ತು ಎಂಬುದು ಬೇರೆ ಮಾತು. ಇಂಟರಪ್ಟಿನ ಮಹಿಮೆಯನ್ನು ಹೊಗಳುವ ತರಗತಿಯಲ್ಲಿಯೇ ಇಂಟರಪ್ಟ್ ಮಾಡಿದ ಹುಡುಗಿಯನ್ನು ನಾನು ಗದರಿಸಿ ಕೂರಿಸಿದೆ. ಅವಳ ಹೆಸರು ರೆಹಾನಾ. ಶಹಾಬಾದದವಳು.

ಡಿಪ್ಲೊಮಾ ಮುಗಿಸಿ ಆರು ವರ್ಷಗಳ ಮೇಲೆ ಅದೇ ರೆಹಾನಾ ಕಾಲೇಜಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಅವಳ ತಂದೆ ಇಮಾಮಸಾಬರದು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಸಣ್ಣ ಕಾರಖಾನೆ. ಮಗಳು ಎರಡನೆಯ ವರ್ಷದಲ್ಲಿ ಓದುತ್ತಿದ್ದಾಗ ಅವರ ಎಡಗೈಯ ಎರಡು ಬೆರಳಿನ ತುದಿಗಳು ಕಟಿಂಗ್ ಮಷೀನಿನ ಬ್ಲೇಡಿಗೆ ಹೋಗಿದ್ದವು. ಆಗ ಅವಳು ಹದಿನೈದು ದಿನ ಕ್ಲಾಸಿಗೆ ಬರಲಿಲ್ಲ. ಕಾರಣ ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಹಾಜರಿ ಕಡಿಮೆಯಾಯಿತೆಂದು ಪತ್ರ ಮಾತ್ರ ಕಳಿಸಿದ್ದೆ.

ಈಗ ಅವಳು ಒಂದು ಕಾವಲು ಮಾಡಿದ್ದಳು. ಬ್ಲೇಡಿನ ಮುಂದೆ, ಕಲ್ಲಿಗಿಂತ ನಾಲ್ಕು ಬೆರಳು ಮೇಲೆ, ಕಣ್ಣಿಗೆ ಕಾಣದ ಬೆಳಕಿನ ಒಂದು ಗೆರೆ. ಕಲ್ಲು ಅದರ ಕೆಳಗೆ ಹಾದು ಹೋಗುತ್ತದೆ. ಕೈ ಹೋದರೆ ಗೆರೆ ಕಡಿಯುತ್ತದೆ. ಕಡಿದ ಕೂಡಲೇ ಅಂಗೈಯಗಲದ ಒಂದು ಕಂಪ್ಯೂಟರಿಗೆ ಇಂಟರಪ್ಟ್ ಹೋಗಿ, ಅದು ಮೋಟಾರಿಗೆ ಬ್ರೇಕ್ ಹಾಕಬೇಕು.

“ಹತ್ತರಾಗ ಒಂಬತ್ತು ಸಲ ನಿಲ್ತದ ಸರ್,” ಎಂದಳು. “ಒಂದ್ ಸಲ ತಡಾ ಮಾಡ್ತದ. ಯಾಕಂತ ತಿಳೀವಲ್ದು. ಒಂಬತ್ತು ಸಲ ನಿಂತ್ರ ಏನ್ ಉಪಯೋಗ? ಬೆರಳು ಲೆಕ್ಕಾ ಹಾಕಿ ಬರಂಗಿಲ್ಲ. ನೀವೊಮ್ಮಿ ಬಂದು ನೋಡ್ರಿ.”

ನನಗೆ ಈ ಕೆಲಸ ಬರುವುದಿಲ್ಲ ಎಂದು ಹೇಳಲು ಒಳ್ಳೆಯ ಅವಕಾಶವಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ಇನ್ನಿಬ್ಬರು ಅಧ್ಯಾಪಕರು ಕೇಳಿಸಿಕೊಳ್ಳುತ್ತಿದ್ದರು. “ಭಾನುವಾರ ಬರ್ತೀನಿ” ಎಂದೆ, ದಿನಾ ನಾಲ್ಕು ಯಂತ್ರ ರಿಪೇರಿ ಮಾಡುವವನ ಧಾಟಿಯಲ್ಲಿ.

ಭಾನುವಾರ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಕ್ಕೆ ಹೋದೆ. ಕಾರಖಾನೆಯ ಅಂಗಳ, ಗೋಡೆ, ಬೇವಿನ ಗಿಡದ ಬುಡ ಎಲ್ಲವೂ ಕಲ್ಲಿನ ಹಿಟ್ಟು ಬಳಿದುಕೊಂಡು ಬೂದುಬಣ್ಣವಾಗಿದ್ದವು. ಪಂಪು ತುಂಬಿಸುವ ಒಂದು ಟಾಕಿಯಿಂದ ಬ್ಲೇಡಿನ ಮೇಲೆ ನೀರು ಸುರಿಯುತ್ತಿತ್ತು. ಇಮಾಮಸಾಬರು ನನಗೆ ಕುರ್ಚಿ ಒರೆಸಿಕೊಟ್ಟು, “ಕುಂದ್ರಿ ಮಾಸ್ತರ, ಚಾ ತರಸ್ತೀನಿ” ಎಂದರು. ರೆಹಾನಾ ಒಂದು ಕೋಲಿನ ತುದಿಗೆ ಸೌತೆಕಾಯಿ ಕಟ್ಟಿ ತಂದಳು. ಬೆರಳಿನ ಬದಲಿಗೆ ಅದು. ಬ್ಲೇಡಿನ ಕಡೆಗೆ ಚಾಚಿದಳು. ಮಷೀನು ಗಕ್ಕನೆ ನಿಂತಿತು. ಮತ್ತೆ ಚಾಚಿದಳು, ಮತ್ತೆ ನಿಂತಿತು. ಏಳೆಂಟು ಸಲ ಹೀಗಾಯಿತು. ನಾನು ಶಹಬ್ಬಾಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸೌತೆಕಾಯಿಯ ತುದಿ ಹಾರಿ ನನ್ನ ಅಂಗಿಯ ಮೇಲೆ ಬಿತ್ತು.

ಯಾರೂ ನಗಲಿಲ್ಲ. ಇಮಾಮಸಾಬರು ಎಡಗೈಯನ್ನು ಮೆಲ್ಲಗೆ ಜುಬ್ಬದ ಜೇಬಿಗೆ ಹಾಕಿಕೊಂಡರು.

ಅಲ್ಲಿಂದ ನನ್ನ ಪಾಂಡಿತ್ಯದ ಪರೀಕ್ಷೆ ಶುರುವಾಯಿತು. ಗದ್ದಲದಲ್ಲಿ ನನಗೆ ತಲೆ ಓಡುವುದಿಲ್ಲ. ಮನೆಯಲ್ಲಿಯೂ ನಾನು ಓದುವಾಗ ಕುಕ್ಕರಿನ ಮೇಲೆ ಮುನಿಸಿಕೊಳ್ಳುವವನು. “ಆ ಪಂಪು, ಮಷೀನು ಎಲ್ಲಾ ಬಂದ್ ಮಾಡಸ್ರಿ, ಸ್ವಲ್ಪ ಶಾಂತ ಇರ್ಲಿ” ಎಂದೆ. ಎಲ್ಲ ಬಂದಾಯಿತು. ತಗಡಿನ ಕೋಣೆಯಲ್ಲಿ ಕುಳಿತು ಅವಳು ಬರೆದ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ತಪ್ಪು ಸಿಗಲಿಲ್ಲ. ಬೆಳಕಿನ ಗೆರೆಗೆ ಕೈ ಅಡ್ಡ ಹಿಡಿದು ನೋಡಿದೆವು. ಬ್ರೇಕ್ ಬಿತ್ತೆಂದು ತೋರಿಸುವ ದೀಪ ಪ್ರತಿ ಸಲವೂ ತಕ್ಷಣ ಹತ್ತಿತು. ಮುಂದಿನ ಭಾನುವಾರ ಮತ್ತೆ ಹೋದೆ, ಮತ್ತೆ ಎಲ್ಲ ಬಂದ್ ಮಾಡಿಸಿದೆ, ಮತ್ತೆ ಪ್ರತಿ ಸಲವೂ ದೀಪ ಹತ್ತಿತು. ಎರಡು ತಂತಿಗಳನ್ನು ಗಟ್ಟಿಯಾಗಿ ತಿರುವಿ, “ಲೂಸ್ ಇತ್ತು, ಈಗ ಸರಿ ಆಗ್ಯದ” ಎಂದು ತೀರ್ಪು ಕೊಟ್ಟು ಬಂದೆ. ಮರುದಿನ ಮಧ್ಯಾಹ್ನ ರೆಹಾನಾಳ ಫೋನು ಬಂತು.

“ಸರ್, ಮತ್ತ ಸೌತೆಕಾಯಿ ಹೋತು.”

ಮೂರನೆಯ ಭಾನುವಾರ ಹೋಗುವಾಗ ನನ್ನ ನಡಿಗೆಯಲ್ಲಿ ಆ ಧಾಟಿ ಇರಲಿಲ್ಲ. ಎಂದಿನಂತೆ ಪಂಪು ಬಂದ್ ಮಾಡಲು ಹೇಳುತ್ತಿದ್ದಾಗ ಇಮಾಮಸಾಬರು ಹತ್ತಿರ ಬಂದರು.

“ಮಾಸ್ತರ, ನಡುವ ಬಾಯಿ ಹಾಕ್ತೀನಂತ ಸಿಟ್ಟಾಗಬ್ಯಾಡ್ರಿ. ನಾ ಓದದಾವ. ಆದ್ರ ಒಂದ್ ಗಮನಕ್ಕ ಬಂದದ. ಟಾಕಿಗಿ ನೀರ್ ಬೀಳ್ಲಿಕತ್ತಾಗ ಮಾತ್ರ ಅದು ತಡಾ ಮಾಡ್ತದ. ನೀವು ಬಂದಾಗೆಲ್ಲಾ ನೀರ್ ಬಂದ್ ಮಾಡಸ್ತೀರಿ.”

ನಾನು ರೆಹಾನಾಳ ಮುಖ ನೋಡಿದೆ; ಅವಳು ನನ್ನ ಮುಖ ನೋಡಿದಳು. ಇಬ್ಬರೂ ಟಾಕಿಯ ಕಡೆ ಓಡಿದೆವು.

ಟಾಕಿಯಲ್ಲಿ ನೀರಿನ ಮಟ್ಟ ತಿಳಿಯಲು ಅವಳು ಒಂದು ತೇಲುವ ಸ್ವಿಚ್ ಬಿಟ್ಟಿದ್ದಳು. ಟಾಕಿ ತುಂಬಿದಾಗ ಅದು ಮೇಲೆದ್ದು ಅದೇ ಕಂಪ್ಯೂಟರಿಗೆ ಇನ್ನೊಂದು ಇಂಟರಪ್ಟ್ ಕಳಿಸಬೇಕು. ಆದರೆ ನೀರು ಧುಮುಕುವಾಗ ಅಲೆ ಏಳುತ್ತದೆ. ಅಲೆಯ ಮೇಲೆ ಸ್ವಿಚ್ಚು ಕುಣಿಯುತ್ತದೆ. ‘ತುಂಬಿತು, ಇಲ್ಲ, ತುಂಬಿತು, ಇಲ್ಲ’ ಎಂದು ಒಂದೇ ಉಸಿರಿನಲ್ಲಿ ಹತ್ತಾರು ಸಲ ಕರ್ನಲ್ಲನ್ನು ಕರೆಯುತ್ತದೆ. ಕರೆದರೂ ಚಿಂತೆಯಿರಲಿಲ್ಲ, ಬೇಗ ಕೇಳಿ ಕಳಿಸಿದ್ದರೆ. ಆದರೆ ಕರೆಗೆ ಓಗೊಡುವ ಜಾಗದಲ್ಲಿ ರೆಹಾನಾ ಎಂದೋ ತಪಾಸಣೆಗೆಂದು ಒಂದು ಸಾಲು ಬರೆದು ಮರೆತಿದ್ದಳು. ಪ್ರತಿ ಕರೆಗೂ ‘ಟಾಕಿಯಲ್ಲಿ ನೀರಿನ ಮಟ್ಟ ಬದಲಾಗಿದೆ’ ಎಂಬ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಒಂದು ನಿಧಾನವಾದ ತಂತಿಯ ಮೇಲೆ ಕಳಿಸುವ ಸಾಲು ಅದು. ಆ ವಾಕ್ಯ ಮುಗಿಯುವ ತನಕ ಬೇರೆ ಯಾರ ಕರೆಯನ್ನೂ ಕರ್ನಲ್ ಕೇಳಿಸಿಕೊಳ್ಳುವಂತಿರಲಿಲ್ಲ. ಇಲ್ಲಿ ನೀರಿನ ವರದಿ ನಡೆಯುತ್ತಿದ್ದರೆ, ಅಲ್ಲಿ ಕಡಿದ ಬೆಳಕಿನ ಗೆರೆ ಬಾಗಿಲಲ್ಲಿ ನಿಂತು ಕಾಯುತ್ತಿತ್ತು.

ಆ ಸಾಲನ್ನು ನಾನು ಎರಡು ಭಾನುವಾರ ಓದಿ ದಾಟಿ ಹೋಗಿದ್ದೆ. ‘ಇಂಟರಪ್ಟಿಗೆ ಓಗೊಡುವ ಭಾಗ ಆದಷ್ಟು ಚಿಕ್ಕದಾಗಿರಬೇಕು’ ಎಂದು ಹತ್ತೊಂಬತ್ತು ವರ್ಷ ಉಕ್ತಲೇಖನ ಬರೆಸಿದವನು ನಾನೇ. ಪುಸ್ತಕಗಳು ಈ ಕೆಲಸವನ್ನು ಎರಡು ಅರ್ಧ ಮಾಡುತ್ತವೆ. ಮೇಲಿನ ಅರ್ಧದಲ್ಲಿ ಕರೆ ಕೇಳಿದೆ ಎಂದು ಹೇಳಿ, ಒಂದು ಚೀಟಿ ಬರೆದಿಟ್ಟು ಹೊರಟುಬಿಡುವುದು. ಉದ್ದದ ಕೆಲಸವೆಲ್ಲ ಕೆಳಗಿನ ಅರ್ಧಕ್ಕೆ, ಬಿಡುವು ಸಿಕ್ಕಾಗ. ಇದರ ಚಿತ್ರವನ್ನು ಬಣ್ಣದ ಚಾಕ್ ಹಿಡಿದು ಬಿಡಿಸುವುದರಲ್ಲಿ ನನಗೆ ಹೆಸರಿತ್ತು.

ರೆಹಾನಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. “ನೀವೇ ಬರೀರಿ ಸರ್.”

ಆಗ ನಿಜ ಹೇಳಿದೆ. “ನಾನು ಇದನ್ನ ಒಮ್ಮಿನೂ ಬರದಿಲ್ಲ, ರೆಹಾನಾ.”

ಅವಳು ಆಶ್ಚರ್ಯಪಡುತ್ತಾಳೆ ಎಂದುಕೊಂಡಿದ್ದೆ. “ಗೊತ್ತದ ಸರ್,” ಎಂದಳು. “ಅದಕ್ಕೇ ಬರೀರಿ ಅಂದೆ.”

ಬರೆದೆ. ನೀರಿನ ವರದಿಯನ್ನು ಕೆಳಗಿನ ಅರ್ಧಕ್ಕೆ ಕಳಿಸಿದೆ. ತೇಲುವ ಸ್ವಿಚ್ಚು ಒಮ್ಮೆ ಕರೆದ ಮೇಲೆ ಅಲೆ ಅಡಗುವವರೆಗೆ ಅದರ ಮಾತನ್ನು ಕೇಳಬಾರದು ಎಂದು ರೆಹಾನಾ ಇನ್ನೊಂದು ಸಾಲು ಹೇಳಿಕೊಟ್ಟಳು. ಮೊದಲ ಸಲ ನನ್ನ ತಪ್ಪಿನಿಂದ ಕಂಪ್ಯೂಟರೇ ಏಳಲಿಲ್ಲ. ಎರಡನೆಯ ಸಲವೂ ಏಳಲಿಲ್ಲ. ಮೂರನೆಯ ಸಲ ಎದ್ದಿತು. ಐವತ್ತೆರಡರ ವಯಸ್ಸಿನಲ್ಲಿ ಬಾವಿಗೆ ಬಿದ್ದು ಒಂದು ಸುತ್ತು ಈಜಿ ಬಂದಂತಿತ್ತು.

ಈ ಸಲ ಪಂಪು ಹಾಕಿಸಿ, ಪಾಲಿಶ್ ಮಷೀನನ್ನೂ ಹಾಕಿಸಿ, ಆ ಎಲ್ಲ ಗದ್ದಲದ ನಡುವೆ ಪರೀಕ್ಷೆ ಮಾಡಿದೆವು. ರೆಹಾನಾ ಸಂತೆಯಿಂದ ಒಂದು ಬುಟ್ಟಿ ಸೌತೆಕಾಯಿ ತಂದಿಟ್ಟಿದ್ದಳು. ಸಂಜೆಯ ತನಕ ಚಾಚಿದೆವು, ಸರದಿಯ ಮೇಲೆ. ನೀರು ಧುಮುಕುತ್ತಲೇ ಇತ್ತು. ಮಷೀನು ಪ್ರತಿ ಸಲವೂ ನಿಂತಿತು. ಬುಟ್ಟಿಗೆ ಎರಡನೆಯ ಸಲ ಕೈ ಹಾಕಬೇಕಾಗಲಿಲ್ಲ. ಒಂದೇ ಸೌತೆಕಾಯಿ ದಿನವಿಡೀ ಬಾಳಿತು. ಕೊನೆಗೆ ಅದನ್ನು ಚಾಕುವಿನಿಂದ ಕತ್ತರಿಸಿ, ಉಪ್ಪುಖಾರ ಹಚ್ಚಿ ಎಲ್ಲರೂ ತಿಂದೆವು.

ತಿನ್ನುತ್ತ ಇಮಾಮಸಾಬರು ಕೇಳಿದರು, “ಖರೆ, ಆದ್ರ ಆ ಕಂಪ್ಯೂಟರಿಗೇ ನಿದ್ದಿ ಹತ್ತಿದ್ರ?”

ಅದಕ್ಕೆ ಉತ್ತರ ರೆಹಾನಾಳ ಹತ್ತಿರವಿತ್ತು. ಮುಂದಿನ ವಾರ ಅವಳು ಕಂಪ್ಯೂಟರನ್ನು ಕೇಳದೆಯೇ ಬೆಳಕಿನ ಗೆರೆಯಿಂದ ನೇರವಾಗಿ ಬ್ರೇಕಿಗೆ ಹೋಗುವ ಇನ್ನೊಂದು ತಂತಿ ಎಳೆದಳು. ಈಗ ಎರಡು ದಾರಿ. ಒಂದು ಮಲಗಿದರೆ ಇನ್ನೊಂದು ಎಚ್ಚರ. ಮಗಳ ಕಾವಲು ಮಷೀನಿನ ಮೇಲೆ ಕಾಯಮಾಗಿ ಕುಳಿತಿತು. ಪಕ್ಕದ ಎರಡು ಕಾರಖಾನೆಯವರು ಬಂದು ನೋಡಿ, ತಮಗೂ ಬೇಕೆಂದು ಹೇಳಿ ಹೋಗಿದ್ದಾರೆ. ಇಮಾಮಸಾಬರು ಮಾತ್ರ ಇವತ್ತಿಗೂ ಬ್ಲೇಡಿನಿಂದ ಮೊದಲಿನಷ್ಟೇ ದೂರ ಕೈ ಇಟ್ಟು ಕೆಲಸ ಮಾಡುತ್ತಾರೆ. ‘ನಂಬಿಕಿ ಇಲ್ಲೇನು ಅಬ್ಬಾ?’ ಎಂದು ಮಗಳು ಕೇಳಿದರೆ, “ಅದು ನಿಲ್ಲಸ್ತದ ಬೇಟಿ, ನಂಬಿಕಿ ಅದ. ಆದ್ರ ಕೈ ನಂದು” ಎನ್ನುತ್ತಾರೆ.

ಮನೆಗೆ ಬಂದು ಈ ಎರಡು ಅರ್ಧಗಳ ಶಾಸ್ತ್ರವನ್ನು ನನ್ನ ಹೆಂಡತಿ ಸುಜಾತಾಳಿಗೆ ಬಹಳ ಉತ್ಸಾಹದಿಂದ ವಿವರಿಸಿದೆ. ಅವಳು ಚಿಂಚೋಳಿಯವಳು, ಕಾಡಿನ ಸೀಮೆಯವರ ಹಾಗೆ ಪೂರ್ತಿ ಕೇಳಿದ ಮೇಲೆಯೇ ಮಾತಾಡುತ್ತಾಳೆ. “ಮ್ಯಾಲಿನ ಅರ್ಧ ನಿಮಗ ಚೊಲೋ ಬರ್ತದರಿ,” ಎಂದಳು. “ಪೇಪರ್ ಓದಕೋತ ಹೂಂ ಅಂತೀರಿ. ಕೆಳಗಿನ ಅರ್ಧ ಇಪ್ಪತ್ತು ವರ್ಷದಿಂದ ನಾನೇ ಮಾಡ್ಲಿಕತ್ತೀನಿ.” ಅಂದಿನಿಂದ ನಾನು ಹೂಂ ಎಂದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ. ಚೀಟಿ ಎಲ್ಲಿಟ್ಟೆ ಎಂದು ಹುಡುಕುವುದು ಸದ್ಯದ ತೊಂದರೆ.

ಈ ವರ್ಷ ಕೊನೆಯ ಐದು ನಿಮಿಷದ ನಿಯಮವನ್ನು ತೆಗೆದುಹಾಕಿದೆ. ಪಾಠ ಸ್ವಲ್ಪ ಹಿಂದೆ ಬಿದ್ದಿದೆ, ಮಕ್ಕಳು ಸ್ವಲ್ಪ ಮುಂದೆ ಹೋಗಿದ್ದಾರೆ. ಮೊನ್ನೆಯ ಕಿರುಪರೀಕ್ಷೆಯಲ್ಲಿ ಐದು ಅಂಕಕ್ಕೆ ಒಂದು ಪ್ರಶ್ನೆ ಕೊಟ್ಟಿದ್ದೆ: ಇಂಟರಪ್ಟಿಗೆ ಓಗೊಡುವ ಭಾಗ ಏಕೆ ಚಿಕ್ಕದಾಗಿರಬೇಕು? ಬಹಳ ಜನ ಎರಡು ಪುಟ ಬರೆದಿದ್ದರು, ಚಿತ್ರ ಸಮೇತ. ಕಾಳಗಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿ ಮಾತ್ರ ಒಂದೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದಳು: ‘ಯಾಕಂದ್ರ ಹೊರಗ ಇನ್ನೊಬ್ಬರು ಕಾಯ್ಲಿಕತ್ತಿರ್ತಾರ.’

ಕೆಂಪು ಪೆನ್ನು ಕೈಗೆತ್ತಿಕೊಂಡೆ. ವ್ಯಾಖ್ಯೆಗೆ ಒಂದು, ಚಿತ್ರಕ್ಕೆ ಎರಡು, ವಿವರಣೆಗೆ ಎರಡು ಎಂದು ಅಂಕಗಳನ್ನು ಹಂಚಿದ ಹಾಳೆ ಎದುರಿಗೇ ಇತ್ತು. ಅದರ ಪ್ರಕಾರ ಇವಳಿಗೆ ಒಂದು ಸಿಕ್ಕರೆ ಹೆಚ್ಚು. ಆಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟು ಐದಕ್ಕೆ ಐದು ಕೊಟ್ಟೆ. ಚಿಕ್ಕದಾಗಿರಬೇಕು ಎಂಬುದನ್ನು ಎರಡು ಪುಟ ಬರೆದವರಿಗಿಂತ ಚೆನ್ನಾಗಿ ತಿಳಿದವಳು ಅವಳೇ ತಾನೆ.